ಕಟ್ಟಡ ವೃತ್ತಿ ಮತ್ತು ಹೆಣ್ಣುಮಕ್ಕಳು: ಕನ್ನಡ ಶಾಲೆಯ ಹೊಣೆ

(ಮಹಾರಾಷ್ಟ್ರದ ಕನ್ನಡ ಮಾಧ್ಯಮ ಪ್ರೌಢಶಾಲಾ ಶಿಕ್ಷಕರ ತರಬೇತಿ ವರ್ಗದಲ್ಲಿ ನೀಡಿದ ಉಪನ್ಯಾಸದ ಪಾಠ)



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಯಾವ ಊರಿನಲ್ಲಿ ಮನೆ ಕಟ್ಟುವ ಕೆಲಸ ನಡೆದರೂ ಅಲ್ಲಿ ಹೆಣ್ಣುಮಕ್ಕಳು ಇರುತ್ತಾರೆ. ಉಸುಕು ಸೋಸುವುದು, ನೀರು ತುಂಬುವುದು, ಇಟ್ಟಂಗಿ ಹೊರುವುದು, ಕಲಸಿದ ಸಿಮೆಂಟನ್ನು ಬುಟ್ಟಿಯಲ್ಲಿ ತುಂಬಿಕೊಂಡು ಏಣಿ ಹತ್ತುವುದು, ಸ್ಲ್ಯಾಬ್ ಹಾಕಿದ ಮೇಲೆ ಅದಕ್ಕೆ ನೀರುಣಿಸುವುದು, ಇವೆಲ್ಲ ಅವರ ಪಾಲಿನ ಕೆಲಸಗಳು. ಕನ್ನಡ ಶಾಲೆಗೆ ಬರುವ ಹಲವು ಮಕ್ಕಳ ತಾಯಂದಿರು ಈ ದುಡಿಮೆಯಿಂದಲೇ ಮನೆ ನಡೆಸುತ್ತಾರೆ. ಆದುದರಿಂದ ಹೆಣ್ಣುಮಕ್ಕಳನ್ನು ಕಟ್ಟಡ ಕ್ಷೇತ್ರಕ್ಕೆ ಕರೆತರಬೇಕು ಎಂಬ ಮಾತನ್ನು ಸ್ವಲ್ಪ ತಿದ್ದಿ ಆಡಬೇಕಾಗುತ್ತದೆ. ಅವರು ಅಲ್ಲಿಗೆ ಬಂದು ತಲೆಮಾರುಗಳೇ ಕಳೆದಿವೆ. ಇನ್ನೂ ಬಾರದೆ ಉಳಿದಿರುವುದು ಅವರ ಕೈಗೆ ಅಳತೆಯ ವಿದ್ಯೆ.

ಕಟ್ಟಡದ ಕೆಲಸದಲ್ಲಿ ಎರಡು ಅಂತಸ್ತುಗಳಿವೆ. ಗೋಡೆಯ ನೇರವನ್ನು ನೋಡಿ ಇಟ್ಟಂಗಿ ಇಡುವವನು ಗೌಂಡಿ. ಅವನ ಕೈಗೆ ಸಾಮಾನು ಒದಗಿಸುವವರು ಬಿಗಾರಿಗಳು. ಗೌಂಡಿಯ ದಿನಗೂಲಿ ಬಿಗಾರಿಯ ಕೂಲಿಗಿಂತ ಹೆಚ್ಚು. ಕೆಲಸ ಕಡಿಮೆಯಾದಾಗ ಮೊದಲು ಮನೆಗೆ ಹೋಗಬೇಕಾದವರು ಬಿಗಾರಿಗಳೇ. ಹದಿನೆಂಟರ ಹುಡುಗನೊಬ್ಬ ಬಿಗಾರಿಯಾಗಿ ಸೇರಿದರೆ ನಾಲ್ಕಾರು ವರ್ಷಗಳಲ್ಲಿ ಗೌಂಡಿಯ ಪಕ್ಕದಲ್ಲಿ ನಿಂತು ಥಾಪಿ ಹಿಡಿಯುತ್ತಾನೆ. ಮುಂದೆ ತಾನೇ ಗುತ್ತಿಗೆ ಹಿಡಿಯುವುದೂ ಉಂಟು. ಅದೇ ದಿನ ಅದೇ ಕೆಲಸಕ್ಕೆ ಸೇರಿದ ಹೆಣ್ಣುಮಗಳು ಇಪ್ಪತ್ತು ವರ್ಷ ದುಡಿದರೂ ಬಿಗಾರಿಯಾಗಿಯೇ ಉಳಿಯುತ್ತಾಳೆ. ಗಂಡ ಹೆಂಡತಿ ಜೋಡಿಯಾಗಿ ದುಡಿಯುವಲ್ಲಿ ಇಬ್ಬರ ಕೂಲಿಯೂ ಗಂಡನ ಕೈಗೇ ಬೀಳುವುದುಂಟು. ಇಷ್ಟು ವರ್ಷಗಳಲ್ಲಿ ಆಕೆ ಸಿಮೆಂಟು ಉಸುಕುಗಳ ಹದವನ್ನು ಕಣ್ಣಳತೆಯಲ್ಲೇ ಕಲಿತಿರುತ್ತಾಳೆ. ಯಾವ ಇಟ್ಟಂಗಿ ಸರಿಯಾಗಿ ಸುಟ್ಟಿದೆ, ಯಾವುದು ಕಚ್ಚಾ ಉಳಿದಿದೆ ಎಂಬುದು ಅದನ್ನು ಬಡಿದಾಗಿನ ಸಪ್ಪಳದಿಂದಲೇ ಅವಳಿಗೆ ತಿಳಿಯುತ್ತದೆ. ಆದರೆ ಆ ಅರಿವಿಗೆ ಹೆಸರಿಲ್ಲ, ಪ್ರಮಾಣಪತ್ರವಿಲ್ಲ, ಕೂಲಿಯಿಲ್ಲ.

ಈ ಸ್ಥಿತಿಗೆ ಹಳೆಯ ಬೇರುಗಳಿವೆ. ಕಟ್ಟಿಸಿದ ಹೆಣ್ಣುಮಕ್ಕಳು ಚರಿತ್ರೆಯಲ್ಲಿ ಅನೇಕರು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು 8ನೆಯ ಶತಮಾನದಲ್ಲಿ ಕಟ್ಟಿಸಿದವಳು ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಅದನ್ನು ಕಟ್ಟಿದ ಸೂತ್ರಧಾರಿ ಗುಂಡನಿಗೆ ಸಂದ ಮನ್ನಣೆಯನ್ನು ಅಲ್ಲಿಯ ಶಾಸನ ಹೇಳುತ್ತದೆ. ಸೊಲ್ಲಾಪುರದ ವಿಶ್ವವಿದ್ಯಾಲಯ ಇಂದು ಹೊತ್ತಿರುವ ಹೆಸರು ಅಹಿಲ್ಯಾದೇವಿ ಹೋಳ್ಕರರದು. 1725ರಲ್ಲಿ ಚೌಂಡಿ ಗ್ರಾಮದಲ್ಲಿ ಹುಟ್ಟಿ ಮಾಳವವನ್ನು ಆಳಿದ ಆಕೆ ಕಾಶಿ ಮೊದಲಾದ ಕ್ಷೇತ್ರಗಳಲ್ಲಿ ದೇವಾಲಯ, ಘಾಟು, ಬಾವಿ, ಧರ್ಮಶಾಲೆಗಳನ್ನು ಕಟ್ಟಿಸಿದಳು. ಹೀಗೆ ಕಟ್ಟಿಸಿದವಳು ಇದ್ದಾಳೆ. ಕಲ್ಲು ಮಣ್ಣು ಹೊತ್ತವಳೂ ಇದ್ದಾಳೆ. ಇವರಿಬ್ಬರ ನಡುವೆ ನಿಂತು ಅಳೆದವಳು, ಲೆಕ್ಕ ಹಾಕಿದವಳು, ಗೋಡೆ ಎಬ್ಬಿಸಿದವಳು ಕಾಣಸಿಗುವುದು ಅಪರೂಪ.

ಕನ್ನಡ ಶಿಕ್ಷಕರೆಲ್ಲರೂ ಬಲ್ಲ ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆ ಹೆಣ್ಣಿನ ಇನ್ನೊಂದು ಸ್ಥಾನವನ್ನು ತೋರಿಸುತ್ತದೆ. ಕೆರೆ ಕಟ್ಟಿಸಲಾಗಿದೆ, ನೀರು ಬಂದಿಲ್ಲ. ಮನೆಯ ಕಿರಿಯ ಸೊಸೆ ಭಾಗೀರಥಿ ಕೆರೆಗೆ ಹಾರವಾಗಬೇಕಾಗುತ್ತದೆ. ಈ ಗೀತೆಯ ಕರುಣರಸವನ್ನು ಮಕ್ಕಳಿಗೆ ಉಣಿಸಿದ ಮೇಲೆ ತರಗತಿಯಲ್ಲಿ ಒಂದು ಪ್ರಶ್ನೆಯನ್ನು ಕೇಳಬಹುದು: ಕೆರೆಗೆ ನೀರು ಏಕೆ ಬರಲಿಲ್ಲ? ಮಳೆನೀರು ಹರಿದು ಬರುವ ಪ್ರದೇಶ ಕಿರಿದಾಗಿತ್ತೇ? ತಳದ ಮಣ್ಣು ನೀರನ್ನು ಹಿಡಿಯದೆ ಇಂಗಿಸುತ್ತಿತ್ತೇ? ಏರಿಯ ಜಾಗದ ಆಯ್ಕೆಯೇ ತಪ್ಪಾಗಿತ್ತೇ? ಆ ಮನೆಯಲ್ಲಿ ಈ ಪ್ರಶ್ನೆಗಳನ್ನು ಯಾರೂ ಕೇಳಿಕೊಳ್ಳಲಿಲ್ಲ. ಭಾಗೀರಥಿಯ ಪ್ರಾಣವನ್ನು ಕೇಳಿದರು, ಅಭಿಪ್ರಾಯವನ್ನು ಕೇಳಲಿಲ್ಲ. ಇಂದಿನ ತರಗತಿಯಲ್ಲಿ ಕುಳಿತ ಹುಡುಗಿಗೆ ಆ ಪ್ರಶ್ನೆಗಳನ್ನು ಕೇಳುವ, ಅವಕ್ಕೆ ಉತ್ತರ ಹುಡುಕುವ ಅಧಿಕಾರ ಉಂಟು ಎಂದು ತಿಳಿಸುವುದು ಶಿಕ್ಷಣದ ಕೆಲಸ.

ಕಟ್ಟುವ ಕೆಲಸ ಕೀಳೆಂದು ಭಾವಿಸುವವರಿಗೆ ಸೊಲ್ಲಾಪುರದ ನೆಲವೇ ಉತ್ತರ ಕೊಡುತ್ತದೆ. 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಜನರನ್ನು ಕೂಡಿಸಿ ಕೆರೆ ಕಟ್ಟಿಸಿದ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಆತನನ್ನು ಒಡ್ಡರಾಮನೆಂದೇ ಕರೆಯುತ್ತಾನೆ. ಒಡ್ಡು ಕಟ್ಟುವ ಕಾಯಕವೇ ಆತನ ಗುರುತಾಗಿತ್ತು. ಕಲ್ಲು ಮಣ್ಣಿನ ಕೆಲಸವನ್ನೇ ಬದುಕಾಗಿಸಿಕೊಂಡ ಭೋವಿ ಸಮುದಾಯ ಇಂದಿಗೂ ಸಿದ್ಧರಾಮನನ್ನು ಗುರುವೆಂದು ಪೂಜಿಸುತ್ತದೆ. ಅಂತಹ ನೆಲದ ಕನ್ನಡ ಶಾಲೆಯಲ್ಲಿ ಕಟ್ಟಡದ ಕಾಯಕಕ್ಕೆ ಗೌರವವನ್ನು ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಇರುವ ಗೌರವದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಕೊಡಬೇಕಾಗಿದೆ.

ಈ ಪಾಲು ಕೇವಲ ನ್ಯಾಯದ ಪ್ರಶ್ನೆಯಲ್ಲ, ಜೀವದ ಪ್ರಶ್ನೆಯೂ ಹೌದು. ಇದಕ್ಕೆ ನಿದರ್ಶನ ಬಹು ಹತ್ತಿರದಲ್ಲಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದ ಹೊತ್ತಿನಲ್ಲಿ, ಲಾತೂರು ಮತ್ತು ಆಗಿನ ಉಸ್ಮಾನಾಬಾದ ಜಿಲ್ಲೆಗಳಲ್ಲಿ ಭೂಮಿ ನಡುಗಿತು. ಕಿಲ್ಲಾರಿ, ಸಾಸ್ತೂರು ಮೊದಲಾದ ಹಳ್ಳಿಗಳು ನೆಲಸಮವಾದವು. ಸುಮಾರು 10 ಸಾವಿರ ಜನ ಮಡಿದರು. ಅಕ್ಕಲಕೋಟೆ, ಆಳಂದ ಸೀಮೆಯ ಹಿರಿಯರಿಗೆ ಆ ನಡುಕ ಇನ್ನೂ ನೆನಪಿದೆ.

ಅಷ್ಟು ಜನರ ಸಾವಿಗೆ ಮುಖ್ಯ ಕಾರಣ ಅವರು ಮಲಗಿದ್ದ ಮನೆಗಳೇ. ಬಿಸಿಲಿನ ನಾಡಿನಲ್ಲಿ ಒಳಗೆ ತಂಪಿರಲೆಂದು ದಪ್ಪ ಕಲ್ಲಿನ ಗೋಡೆ ಎಬ್ಬಿಸುವುದು, ಮೇಲೆ ಕಟ್ಟಿಗೆಯ ತೊಲೆಗಳನ್ನಿಟ್ಟು ಮಣ್ಣಿನ ಮಾಳಿಗೆ ಹೊದಿಸುವುದು ಅಲ್ಲಿಯ ರೂಢಿ. ಸೋರದಿರಲೆಂದು ಕಾಲಕಾಲಕ್ಕೆ ಮಾಳಿಗೆಯ ಮೇಲೆ ಮಣ್ಣು ಹಾಕುತ್ತ ಹೋದಂತೆ ಅದರ ಭಾರ ಏರುತ್ತಿತ್ತು. ಗೋಡೆಯ ಒಳಮೈ ಮತ್ತು ಹೊರಮೈ ಬೇರೆ ಬೇರೆ ಸಾಲುಗಳಾಗಿದ್ದು, ನಡುವೆ ಚೂರುಗಲ್ಲು ಮತ್ತು ಮಣ್ಣನ್ನು ತುಂಬಲಾಗುತ್ತಿತ್ತು. ಎರಡೂ ಮೈಗಳನ್ನು ಬೆಸೆಯುವ ಉದ್ದನೆಯ ಕಟ್ಟುಗಲ್ಲುಗಳನ್ನು ಇಡುತ್ತಿರಲಿಲ್ಲ. ಭೂಮಿ ಅಲುಗಿದಾಗ ಎರಡು ಸಾಲುಗಳು ಒಂದನ್ನೊಂದು ಬಿಟ್ಟು ಸರಿದವು, ಮೂಲೆಗಳು ಬಿರಿದವು, ಮಾಳಿಗೆ ಮಲಗಿದವರ ಮೇಲೆ ಕುಸಿಯಿತು. ಅಲ್ಲಲ್ಲಿ ಕಟ್ಟುಗಲ್ಲು, ಮೂಲೆಗಳಿಗೆ ಬಿಗಿ, ಬಾಗಿಲ ಮೇಲ್ಮಟ್ಟದಲ್ಲಿ ಮನೆಯನ್ನು ಸುತ್ತುವ ಕಾಂಕ್ರೀಟಿನ ಪಟ್ಟಿ, ಹಗುರವಾದ ಚಾವಣಿ ಇದ್ದಿದ್ದರೆ ಅನೇಕ ಮನೆಗಳು ಬಿರುಕು ಬಿಟ್ಟರೂ ಬೀಳುತ್ತಿರಲಿಲ್ಲ.

ಮುಂದೆ ಸರ್ಕಾರ ಪುನರ್ವಸತಿಯ ಕಾರ್ಯಕ್ರಮ ಕೈಗೊಂಡಾಗ ಎರಡು ಬಗೆಯ ಕೆಲಸಗಳಾದವು. ಪೂರ್ಣ ನಾಶವಾದ ಊರುಗಳನ್ನು ಹೊಸದಾಗಿ ಕಟ್ಟಲಾಯಿತು. ಕಡಿಮೆ ಹಾನಿಯಾದ ಊರುಗಳಲ್ಲಿ ಮನೆಯವರೇ ಸಹಾಯಧನ ಪಡೆದು ಮನೆಗಳನ್ನು ದುರಸ್ತಿ ಮಾಡಿ ಬಲಪಡಿಸಬೇಕಾಯಿತು. ಈ ಎರಡನೆಯ ಕೆಲಸ ಸುಲಭವಾಗಿರಲಿಲ್ಲ. ಇಂಜಿನಿಯರರ ಮಾತು ಜನರಿಗೆ ಅರ್ಥವಾಗುತ್ತಿರಲಿಲ್ಲ. ಜನರ ಅಂಜಿಕೆ ಇಂಜಿನಿಯರರಿಗೆ ತಿಳಿಯುತ್ತಿರಲಿಲ್ಲ. ಆಗ ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆಯ ಮೂಲಕ ಹಳ್ಳಿಯ ಮಹಿಳಾ ಮಂಡಲಗಳ ಹೆಣ್ಣುಮಕ್ಕಳನ್ನು ‘ಸಂವಾದ ಸಹಾಯಕ’ರಾಗಿ ನೇಮಿಸಲಾಯಿತು. ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಅವರು ಮನೆಮನೆಗೆ ಹೋಗಿ ಗೋಡೆಯನ್ನು ಏಕೆ ಬೆಸೆಯಬೇಕು, ಮೂಲೆಯನ್ನು ಹೇಗೆ ಬಿಗಿಯಬೇಕು, ಸಹಾಯಧನ ಯಾವಾಗ ಬರುತ್ತದೆ ಎಂಬುದನ್ನು ತಿಳಿಸಿದರು. ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿದರು. ಅದಕ್ಕಾಗಿ ಮೊದಲು ತಾವು ಕಟ್ಟಡದ ತಂತ್ರವನ್ನು ಕಲಿತರು. 2001ರಲ್ಲಿ ಗುಜರಾತಿನ ಕಛ್ ಭೂಕಂಪಕ್ಕೆ ತುತ್ತಾದಾಗ ಈ ಸೀಮೆಯ ಹೆಣ್ಣುಮಕ್ಕಳು ಅಲ್ಲಿಗೂ ಹೋಗಿ ತಮ್ಮ ಅನುಭವವನ್ನು ಹಂಚಿಕೊಂಡರು. ಅವರಲ್ಲಿ ಬಹಳ ಮಂದಿ ಹೆಚ್ಚು ಓದಿದವರಲ್ಲ. ಮನೆಯೊಳಗೆ ಹೆಚ್ಚು ಹೊತ್ತು ಕಳೆಯುವವರಿಗೆ, ಮಕ್ಕಳನ್ನು ಆ ಮಾಳಿಗೆಯ ಕೆಳಗೆ ಮಲಗಿಸುವವರಿಗೆ ಗೋಡೆಯ ಬಿರುಕು ಬೇಗ ಕಾಣುತ್ತದೆ. ಕಂಡ ಬಿರುಕಿನ ಕಾರಣವನ್ನು ಬಲ್ಲ ವಿದ್ಯೆ ಕೂಡ ಅವರಲ್ಲಿದ್ದರೆ ಮನೆಯವರ ಜೀವ ಉಳಿಯುತ್ತದೆ.

ಓದಿ ಈ ಕ್ಷೇತ್ರದಲ್ಲಿ ಹೆಸರು ಮಾಡಿದ ಹೆಣ್ಣುಮಕ್ಕಳೂ ಇದ್ದಾರೆ. ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ 1940ರ ದಶಕದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದ ಪಿ.ಕೆ. ತ್ರೇಸ್ಯಾ 1971ರಲ್ಲಿ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಇಂಜಿನಿಯರ್ ಆದರು. ಮುಂಬಯಿಯ ವ್ಹಿ.ಜೆ.ಟಿ.ಐ. ಸಂಸ್ಥೆಯಲ್ಲಿ 1953ರಲ್ಲಿ ಸಿವಿಲ್ ಪದವಿ ಪಡೆದ ಶಕುಂತಲಾ ಭಗತ್, ಕಾರ್ಖಾನೆಯಲ್ಲಿ ಸಿದ್ಧಪಡಿಸಿದ ಉಕ್ಕಿನ ಬಿಡಿಭಾಗಗಳನ್ನು ಸ್ಥಳದಲ್ಲಿ ಜೋಡಿಸಿ ಸೇತುವೆ ನಿಲ್ಲಿಸುವ ವಿಧಾನವನ್ನು ಪತಿಯೊಂದಿಗೆ ರೂಪಿಸಿದರು. ದುರ್ಗಮ ಹಿಮಾಲಯದ ಕಣಿವೆಗಳಲ್ಲಿ ಅಂತಹ ಸೇತುವೆಗಳು ನಿಂತವು. ಜಮ್ಮು ಕಾಶ್ಮೀರದಲ್ಲಿ ಚಿನಾಬ್ ನದಿಯ ತಳದಿಂದ 359 ಮೀಟರ್ ಎತ್ತರದಲ್ಲಿ ನಿಂತು 2025ರ ಜೂನ್‌ನಲ್ಲಿ ಉದ್ಘಾಟನೆಯಾದ ರೈಲು ಸೇತುವೆಗೆ, ಬಂಡೆಯ ಇಳಿಜಾರುಗಳನ್ನು ಸ್ಥಿರಗೊಳಿಸುವ ವಿಷಯದಲ್ಲಿ ಹದಿನೇಳು ವರ್ಷ ಸಲಹೆ ನೀಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ. ಆಂಧ್ರಪ್ರದೇಶದ ಪ್ರಕಾಶಂ ಜಿಲ್ಲೆಯ ಹಳ್ಳಿಯಿಂದ ಬಂದವರು ಅವರು.

ಆದರೆ ಇಂತಹ ಹೆಸರುಗಳನ್ನಷ್ಟೇ ಹೇಳಿದರೆ ಹಳ್ಳಿಯ ಹುಡುಗಿ ಅವರನ್ನು ಆಕಾಶದ ನಕ್ಷತ್ರಗಳಂತೆ ನೋಡಿ ಸುಮ್ಮನಾಗುತ್ತಾಳೆ. ಆಕೆಗೆ ಹತ್ತಿರದ ಮೆಟ್ಟಿಲುಗಳೂ ಕಾಣಬೇಕು. ಜಾರ್ಖಂಡದಲ್ಲಿ ಸ್ವಚ್ಛ ಭಾರತ ಅಭಿಯಾನದ ಶೌಚಾಲಯಗಳನ್ನು ಕಟ್ಟಲು ತರಬೇತಿ ಪಡೆದ ಗ್ರಾಮೀಣ ಹೆಣ್ಣುಮಕ್ಕಳಿಗೆ ಜನ ‘ರಾಣಿ ಮಿಸ್ತ್ರಿ’ ಎಂಬ ಹೆಸರನ್ನೇ ಕೊಟ್ಟರು. ಕೇರಳದಲ್ಲಿ ಕುಟುಂಬಶ್ರೀಯ ಮಹಿಳಾ ಗುಂಪುಗಳು ಗೌಂಡಿ ಕೆಲಸ ಕಲಿತು ಪಾಯದಿಂದ ಚಾವಣಿಯವರೆಗೆ ಮನೆಗಳನ್ನು ಕಟ್ಟಿಕೊಟ್ಟಿವೆ. ಅಹಮದಾಬಾದಿನಲ್ಲಿ ಸೇವಾ ಸಂಘಟನೆಯ ಬಳಗ ಕಟ್ಟಡ ಕಾರ್ಮಿಕ ಮಹಿಳೆಯರಿಗಾಗಿಯೇ ‘ಕರ್ಮಿಕಾ’ ಎಂಬ ತರಬೇತಿ ಶಾಲೆಯನ್ನು ನಡೆಸಿದೆ. ಈ ಮೂರೂ ಕಡೆ ತರಬೇತಿ ಪಡೆದವರಲ್ಲಿ ಬಹಳ ಮಂದಿ ಬಡ ಕುಟುಂಬದ ಹೆಣ್ಣುಮಕ್ಕಳು.

ಕಟ್ಟಡ ವೃತ್ತಿ ಎಂದೊಡನೆ ಬಿಸಿಲು, ಧೂಳು, ಏಣಿ ಮಾತ್ರ ಕಣ್ಣಿಗೆ ಕಟ್ಟುವುದು ಸಹಜ. ಈ ಕ್ಷೇತ್ರ ಅದಕ್ಕಿಂತ ವಿಶಾಲವಾದುದು. ನಕಾಶೆ ಬರೆಯುವುದು, ಭೂಮಾಪನ, ಸಾಮಾನಿನ ಅಂದಾಜು ಪಟ್ಟಿ ತಯಾರಿಸುವುದು, ಕಾಂಕ್ರೀಟಿನ ಗುಣಮಟ್ಟ ಪರೀಕ್ಷಿಸುವುದು, ನಳದ ಜೋಡಣೆ, ವಿದ್ಯುತ್ ಜೋಡಣೆ, ಫರಶಿ ಹಾಕುವುದು, ಬಣ್ಣ ಬಳಿಯುವುದು, ಸುರಕ್ಷತೆಯ ಮೇಲ್ವಿಚಾರಣೆ, ಗುತ್ತಿಗೆ ನಿರ್ವಹಣೆ ಇವೆಲ್ಲವೂ ಅದರ ಅಂಗಗಳು. 15 ಸೆಂಟಿಮೀಟರ್ ಘನಾಕಾರದ ಕಾಂಕ್ರೀಟ್ ತುಂಡುಗಳನ್ನು 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿ, ಎಷ್ಟು ಭಾರಕ್ಕೆ ಒಡೆಯುತ್ತವೆ ಎಂದು ದಾಖಲಿಸುವ ಕೆಲಸಕ್ಕೆ ಬೇಕಾದುದು ತಾಳ್ಮೆ, ಶಿಸ್ತು, ಪ್ರಾಮಾಣಿಕತೆ. ಆ ದಾಖಲೆಯಲ್ಲಿ ಸುಳ್ಳು ಬರೆದರೆ ಮುಂದೆ ಶಾಲೆಯ ಚಾವಣಿಯೇ ಕುಸಿಯಬಹುದು.

ದಾರಿಗಳೂ ಇವೆ. 10ನೆಯ ತರಗತಿಯ ನಂತರ ಐ.ಟಿ.ಐ.ಯಲ್ಲಿ ಸಿವಿಲ್ ನಕಾಶೆಗಾರಿಕೆ ಮತ್ತು ಇಲೆಕ್ಟ್ರಿಶಿಯನ್ ವಿಷಯಗಳಿಗೆ 2 ವರ್ಷ, ಪ್ಲಂಬರ್ ಮತ್ತು ಗೌಂಡಿ ಕೆಲಸಗಳಿಗೆ 1 ವರ್ಷ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾಕ್ಕೆ 3 ವರ್ಷ. ಅದನ್ನು ಮುಗಿಸಿದವರಿಗೆ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ. ಸೊಲ್ಲಾಪುರದಲ್ಲಿಯೇ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಮಹಾರಾಷ್ಟ್ರದ ತಾಂತ್ರಿಕ ಶಿಕ್ಷಣ ಪ್ರವೇಶದಲ್ಲಿ ಶೇ. 30ರಷ್ಟು ಸ್ಥಾನಗಳು ಹೆಣ್ಣುಮಕ್ಕಳಿಗೆ ಮೀಸಲಾಗಿವೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ‘ಪ್ರಗತಿ’ ವಿದ್ಯಾರ್ಥಿವೇತನ, ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ, ಡಿಪ್ಲೊಮಾ ಮತ್ತು ಪದವಿಗೆ ವರ್ಷಕ್ಕೆ 50,000 ರೂಪಾಯಿ ನೀಡುತ್ತದೆ. ತಾಯಿ ಕಟ್ಟಡ ಕಾರ್ಮಿಕಳಾಗಿದ್ದರೆ ಇನ್ನೊಂದು ಬಾಗಿಲೂ ಇದೆ. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ನೋಂದಾಯಿತರ ಮಕ್ಕಳ ಓದಿಗೆ ಮಂಡಳಿ ನೆರವು ಕೊಡುತ್ತದೆ. ತಾಯಿ ಹೊತ್ತ ಬುಟ್ಟಿಯ ಲೆಕ್ಕ ಮಗಳ ಶಿಕ್ಷಣಕ್ಕೆ ಜಮೆಯಾಗುವ ದಾರಿ ಇದು. ಎಷ್ಟೋ ತಾಯಂದಿರಿಗೆ ಇದರ ಸುದ್ದಿಯೇ ಮುಟ್ಟಿಲ್ಲ; ಮುಟ್ಟಿಸಬಲ್ಲವರು ಶಿಕ್ಷಕರು.

ಪಾಲಕರ ಅಂಜಿಕೆಗಳನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು. ಕಟ್ಟಡದ ಸ್ಥಳ ಅಪಾಯದ ಜಾಗವೆಂಬುದು ನಿಜ. ಅನೇಕ ಕಡೆ ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ ಎಂಬುದೂ ನಿಜ. ಗಂಡಸರ ನಡುವೆ ಒಬ್ಬಳೇ ಹುಡುಗಿ ಹೇಗೆ ಕೆಲಸ ಮಾಡುವುದು, ನಾಳೆ ಮದುವೆಯ ಮಾತು ಬಂದಾಗ ಜನ ಏನೆಂದಾರು ಎಂಬ ಚಿಂತೆ ತಂದೆತಾಯಿಗಳಿಗೆ ಇರುವುದು ಸ್ವಾಭಾವಿಕ. ಇವುಗಳಿಗೆ ಎರಡು ಮಾತುಗಳಲ್ಲಿ ಉತ್ತರ ಹೇಳಬಹುದು. ಮೊದಲನೆಯದು ಕಾನೂನಿನ ಬಲ. ಸಮಾನ ಕೆಲಸಕ್ಕೆ ಸಮಾನ ವೇತನವನ್ನು 1976ರಲ್ಲಿಯೇ ಕಾಯಿದೆ ವಿಧಿಸಿತು; 2019ರ ವೇತನ ಸಂಹಿತೆಯೂ ಆ ತತ್ತ್ವವನ್ನು ಉಳಿಸಿಕೊಂಡಿದೆ. ಕಟ್ಟಡ ಕಾರ್ಮಿಕರ 1996ರ ಕಾಯಿದೆ ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ಶೌಚಾಲಯಗಳು ಇರಬೇಕೆಂದೂ, 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಕೂಸಿನ ಮನೆ ಇರಬೇಕೆಂದೂ ವಿಧಿಸಿತು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯ ಪ್ರಕಾರ 10 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ದೂರು ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಸ್ಥಳದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಎರಡನೆಯ ಉತ್ತರ ಇನ್ನೂ ಸರಳ. ಓದದೆ ಉಳಿದ ಹುಡುಗಿಗೆ ಕಟ್ಟಡದ ಸ್ಥಳ ತಪ್ಪುತ್ತದೆ ಎಂದೇನೂ ಇಲ್ಲ. ಬರ ಬಿದ್ದ ವರ್ಷ, ಮದುವೆಯಾದ ಮೇಲೆ, ಪುಣೆಗೋ ಮುಂಬಯಿಗೋ ಹೋದಾಗ ಆಕೆ ಅದೇ ಸ್ಥಳಕ್ಕೆ ಬರುತ್ತಾಳೆ. ಅದೇ ಬಿಸಿಲು, ಅದೇ ಅಪಾಯ, ಆದರೆ ಬುಟ್ಟಿ ಹೊರುವವಳಾಗಿ, ಎದುರು ಮಾತಾಡಲು ಬಲವಿಲ್ಲದವಳಾಗಿ. ವಿದ್ಯೆ ಪಡೆದು ಬಂದವಳಿಗೆ ಸುರಕ್ಷತೆಯ ಪಟ್ಟಿ, ತಲೆಗವಚ ಕೇಳಿ ಪಡೆಯುವ ಧೈರ್ಯ ಇರುತ್ತದೆ. ಪಾಲಕರ ಸಭೆಯಲ್ಲಿ ಈ ಹೋಲಿಕೆಯನ್ನು ನಿಧಾನವಾಗಿ, ಯಾರ ಬಡತನವನ್ನೂ ನೋಯಿಸದೆ ಇಡಬೇಕು. ಕಬ್ಬಿನ ಕಟಾವಿಗೋ ಊರು ಬಿಟ್ಟ ದುಡಿಮೆಗೋ ಹೋಗುವ ಮುನ್ನ ಪಾಲಕರು ಊರಿನಲ್ಲಿರುವಾಗಲೇ ಈ ಸಭೆ ನಡೆಯುವುದು ಒಳ್ಳೆಯದು.

ಶಾಲೆಯೊಳಗೆ ಮಾಡಬಹುದಾದುದು ಬಹಳ ಇದೆ. ಅದಕ್ಕೆ ಹೆಚ್ಚಿನ ವೆಚ್ಚವೂ ಇಲ್ಲ. 10ನೆಯ ತರಗತಿಯ ಗಣಿತ ಭಾಗ 2ರಲ್ಲಿ ಪೈಥಾಗೊರಸನ ಪ್ರಮೇಯ, ಸಮರೂಪತೆ, ತ್ರಿಕೋನಮಿತಿ, ಮಹತ್ವಮಾಪನ ಇವೆ. ಇವೆಲ್ಲ ಕಟ್ಟಡದ ವಿದ್ಯೆಯೇ. ಒಂದು ಹಗ್ಗದಲ್ಲಿ ಸಮಾನ ಅಂತರದ 12 ಭಾಗಗಳನ್ನು ಗುರುತಿಸಿ, ಅದರ ತುದಿಗಳನ್ನು ಕೂಡಿಸಿ 3, 4, 5 ಭಾಗಗಳ ತ್ರಿಭುಜವಾಗಿ ಎಳೆದು ಹಿಡಿದರೆ ಮೂಲೆಯಲ್ಲಿ ಲಂಬಕೋನ ಉಂಟಾಗುತ್ತದೆ. ಗೌಂಡಿ ಪಾಯ ಹಾಕುವಾಗ ಕಾಟಕೋನ ಹಿಡಿಯುವುದು ಹೀಗೆಯೇ. ದೊಡ್ಡ ಕೋಣೆಗೆ 6, 8, 10 ಅಡಿ ತೆಗೆದುಕೊಳ್ಳುತ್ತಾನೆ. ಶಾಲೆಯ ಬಯಲಿನಲ್ಲಿ ಹುಡುಗಿಯರು ಸುಣ್ಣದ ಪುಡಿಯಿಂದ ಒಂದು ಕೋಣೆಯ ಪಾಯವನ್ನು ಗುರುತಿಸಲಿ. ಎರಡೂ ಕರ್ಣಗಳು ಸಮವಾಗಿವೆಯೇ ಎಂದು ಅಳೆದು ತಾವೇ ತಪಾಸಣೆ ಮಾಡಲಿ. ಪಾರದರ್ಶಕ ನಳಿಕೆಯಲ್ಲಿ ನೀರು ತುಂಬಿ ಎರಡು ಕಂಬಗಳ ಮೇಲೆ ಒಂದೇ ಮಟ್ಟವನ್ನು ಗುರುತಿಸುವುದು ವಿಜ್ಞಾನದ ಪಾಠವೂ ಆಗುತ್ತದೆ, ಗೌಂಡಿಯ ಪಾಠವೂ ಆಗುತ್ತದೆ. ಹಗ್ಗ ಹಿಡಿಯುವ ಕೆಲಸ ಹುಡುಗಿಯರಿಗೆ, ಅಳತೆ ಬರೆಯುವ ಕೆಲಸ ಹುಡುಗರಿಗೆ ಎಂಬ ಹಂಚಿಕೆ ಅಲ್ಲಿಯೂ ನುಸುಳದಂತೆ ಶಿಕ್ಷಕರು ಎಚ್ಚರವಹಿಸಬೇಕು.

ಲೆಕ್ಕಗಳೂ ಊರಿನವೇ ಆಗಿರಲಿ. ಉಸುಕನ್ನು ಈ ಸೀಮೆಯಲ್ಲಿ ಬ್ರಾಸಿನ ಲೆಕ್ಕದಲ್ಲಿ ಕೊಳ್ಳುತ್ತಾರೆ. 1 ಬ್ರಾಸ್ ಎಂದರೆ 100 ಘನ ಅಡಿ. 10 ಅಡಿ ಉದ್ದ, 5 ಅಡಿ ಅಗಲದ ಗಾಡಿಯಲ್ಲಿ ಉಸುಕು 2 ಅಡಿ ಎತ್ತರ ಇದ್ದರೆ 1 ಬ್ರಾಸ್ ಪೂರ್ಣ. ಒಂದೂವರೆ ಅಡಿ ಇದ್ದರೆ ಕಾಲುಭಾಗ ಕಡಿಮೆ ಬಂದಿತು. ಹೀಗೆ ಅಳೆಯಬಲ್ಲ ಮಗಳು ಮನೆಯಲ್ಲಿದ್ದರೆ ಆ ಮನೆಗೆ ಮೋಸವಾಗುವುದಿಲ್ಲ. 20 ಅಡಿ ಉದ್ದ, 15 ಅಡಿ ಅಗಲ, 5 ಅಂಗುಲ ದಪ್ಪದ ಸ್ಲ್ಯಾಬಿಗೆ ಬೇಕಾದ ಕಾಂಕ್ರೀಟು 125 ಘನ ಅಡಿ, ಎಂದರೆ ಸುಮಾರು 3.54 ಘನ ಮೀಟರ್. 1 : 1½ : 3ರ ಮಿಶ್ರಣದಲ್ಲಿ ಘನ ಮೀಟರಿಗೆ ಸುಮಾರು 8 ಚೀಲದಂತೆ 28 ಚೀಲ ಸಿಮೆಂಟು ಬೇಕು. ಇಂತಹ ಲೆಕ್ಕವನ್ನು ಮನೆಗೆ ಒಯ್ದು ತಾಯಿಗೆ ತೋರಿಸಲು ಹೇಳಿದರೆ, ತಾಯಿ ತನ್ನ ಅನುಭವದಿಂದ ಅದನ್ನು ಒಪ್ಪಬಹುದು, ತಿದ್ದಲೂಬಹುದು. ಮಗಳ ಪುಸ್ತಕಕ್ಕೂ ತಾಯಿಯ ದುಡಿಮೆಗೂ ಅಂದು ನಂಟು ಬೆಳೆಯುತ್ತದೆ.

ಲೆಕ್ಕದ ಭಾಷೆಯ ಕಡೆಗೂ ಗಮನ ಬೇಕು. ನಾಲ್ಕು ಗಂಡಸರು ಅಥವಾ ಆರು ಹೆಂಗಸರು ಒಂದು ಗೋಡೆಯನ್ನು ಇಷ್ಟು ದಿನಗಳಲ್ಲಿ ಕಟ್ಟಿದರೆ ಎಂಬ ಬಗೆಯ ಕಾಲ ಕೆಲಸದ ಲೆಕ್ಕಗಳು ಹಳೆಯ ಅಂಕಗಣಿತದಲ್ಲಿ ಬಹಳ. ಮಗು ಅದರಿಂದ ಅನುಪಾತವನ್ನು ಕಲಿಯುವ ಜೊತೆಗೆ ಹೆಣ್ಣಿನ ದುಡಿಮೆ ಗಂಡಿನದರ ಮೂರರಲ್ಲಿ ಎರಡು ಪಾಲು ಎಂಬುದನ್ನೂ ಕಲಿಯುತ್ತದೆ. ಕನ್ನಡದ ಕ್ರಿಯಾಪದ ಲಿಂಗವನ್ನು ಬಿಟ್ಟುಕೊಡುವುದಿಲ್ಲ: ಇಂಜಿನಿಯರ್ ಅಳೆಯುತ್ತಾನೆ, ಗೌಂಡಿ ಕಟ್ಟುತ್ತಾನೆ, ತಾಯಿ ಅಡುಗೆ ಮಾಡುತ್ತಾಳೆ. ವರ್ಷವಿಡೀ ಇಂತಹ ವಾಕ್ಯಗಳನ್ನು ಕೇಳಿದ ಹುಡುಗಿಗೆ ಯಾರೂ ಬಾಯಿಬಿಟ್ಟು ಹೇಳದಿದ್ದರೂ ತನ್ನ ಜಾಗ ಯಾವುದೆಂದು ತಿಳಿದುಹೋಗುತ್ತದೆ. ಹಲಗೆಯ ಮೇಲೆ ಬರೆಯುವಾಗ “ಇಂಜಿನಿಯರ್ ನಕಾಶೆಯನ್ನು ಪರಿಶೀಲಿಸುತ್ತಾಳೆ” ಎಂದು ಒಂದೆರಡು ಕಡೆ ಬರೆದರೆ ವ್ಯಾಕರಣಕ್ಕೆ ಯಾವ ಭಂಗವೂ ಇಲ್ಲ.

ಗಡಿಯಾಚೆಯ ಕನ್ನಡ ಶಾಲೆಗೆ ವಿಶೇಷವಾದ ತೊಡಕೊಂದಿದೆ. ಬಾಲಭಾರತಿಯ ಕನ್ನಡ ಪುಸ್ತಕಗಳಲ್ಲಿ 10ನೆಯ ತರಗತಿಯವರೆಗೆ ಗಣಿತ ಕಲಿತ ಹುಡುಗಿ ಮುಂದೆ ತಾಂತ್ರಿಕ ಶಿಕ್ಷಣಕ್ಕೆ ಹೋದಾಗ ಅಲ್ಲಿ ಮರಾಠಿ ಮತ್ತು ಇಂಗ್ಲಿಷು ಎದುರಾಗುತ್ತವೆ. ಗಣಿತ ಬಲ್ಲವಳಾದರೂ ಪದ ತಿಳಿಯದೆ ಹಿಂದೆ ಸರಿಯುತ್ತಾಳೆ. ಪ್ರವೇಶದ ಅರ್ಜಿಯಲ್ಲಿಯೇ ತಂತ್ರನಿಕೇತನ ಎಂದರೆ ಪಾಲಿಟೆಕ್ನಿಕ್, ಸ್ಥಾಪತ್ಯ ಎಂದರೆ ಸಿವಿಲ್, ಆರೇಖಕ ಎಂದರೆ ನಕಾಶೆಗಾರ, ವೀಜತಂತ್ರಿ ಎಂದರೆ ಇಲೆಕ್ಟ್ರಿಶಿಯನ್, ನಳ ಕಾರಾಗೀರ ಎಂದರೆ ಪ್ಲಂಬರ್ ಎಂಬುದು ಗೊತ್ತಿರದೆ ಹುಡುಗಿ ಪರಿಚಿತವಾದ ಬೇರೊಂದು ವಿಷಯಕ್ಕೆ ಗುರುತು ಹಾಕಿ ಬರುತ್ತಾಳೆ. ಈ ತೊಡಕಿಗೆ ಮದ್ದು ಶಾಲೆಯಲ್ಲಿಯೇ ಇದೆ. 8ನೆಯ ತರಗತಿಯಿಂದಲೇ ಮೂರು ಕಾಲಮುಗಳ ಒಂದು ಪದವಹಿಯನ್ನು ಮಕ್ಕಳಿಂದ ಬರೆಸಬಹುದು: ಕನ್ನಡ, ಮರಾಠಿ, ಇಂಗ್ಲಿಷು. ಗೋಡೆಗೆ ಭಿಂತ, ಇಟ್ಟಂಗಿಗೆ ವೀಟ, ಉಸುಕಿಗೆ ವಾಳೂ. ಅನೇಕ ಪದಗಳು ಎರಡೂ ಭಾಷೆಗಳಿಗೆ ನೆಂಟರೇ ಆಗಿವೆ: ಗೌಂಡಿ ಮತ್ತು ಗವಂಡಿ, ಪಾಯ ಮತ್ತು ಪಾಯಾ, ಗಿಲಾವು ಮತ್ತು ಗಿಲಾವಾ. ಪ್ಲಿಂತ್, ಸಿಲ್, ಲಿಂಟಲ್ ಮೊದಲಾದವುಗಳನ್ನು ಶಾಲೆಯ ಕಟ್ಟಡದ ಮೇಲೆಯೇ ಬೊಟ್ಟು ಮಾಡಿ ತೋರಿಸಬಹುದು. ಎರಡು ಭಾಷೆಗಳ ನಡುವೆ ಬೆಳೆದ ಹುಡುಗಿಗೆ ಇದು ಕೊರತೆಯಾಗಬೇಕಿಲ್ಲ. ಕನ್ನಡ ಮಾತಾಡುವ ಕೂಲಿಕಾರರು, ಮರಾಠಿಯ ಮೇಲ್ವಿಚಾರಕರು, ಇಂಗ್ಲಿಷಿನ ನಕಾಶೆ, ಈ ಮೂರೂ ಸೇರುವ ಕಟ್ಟಡದ ಸ್ಥಳದಲ್ಲಿ ಮೂರನ್ನೂ ಬಲ್ಲವಳ ಬೆಲೆ ದೊಡ್ಡದು.

ಶಿಕ್ಷಕರು ಈ ವರ್ಷ ಕೈಗೊಳ್ಳಬಹುದಾದುದನ್ನು ಚಿಕ್ಕದಾಗಿ ಹೀಗೆ ಹೇಳಬಹುದು. ಗಣಿತದ ಒಂದು ಪಾಠವನ್ನಾದರೂ ಬಯಲಿನಲ್ಲಿ ಮಾಡುವುದು. ಶಾಲೆಯ ನಕಾಶೆಯನ್ನು 1 ಸೆಂಟಿಮೀಟರಿಗೆ 1 ಮೀಟರಿನ ಪ್ರಮಾಣದಲ್ಲಿ ಹುಡುಗಿಯರಿಂದ ಬರೆಸುವುದು. 9ನೆಯ ತರಗತಿಯ ಮಕ್ಕಳನ್ನು ಒಮ್ಮೆ ಹತ್ತಿರದ ಐ.ಟಿ.ಐ. ಅಥವಾ ಪಾಲಿಟೆಕ್ನಿಕ್‌ಗೆ ಕರೆದೊಯ್ಯುವುದು. ಕಟ್ಟಡದಲ್ಲಿ ದುಡಿಯುವ ತಾಯಿಯೊಬ್ಬಳನ್ನು ತರಗತಿಗೆ ಆಹ್ವಾನಿಸಿ, ಒಳ್ಳೆಯ ಇಟ್ಟಂಗಿಯನ್ನು ಗುರುತಿಸುವ ಬಗೆಯನ್ನು ಆಕೆಯಿಂದಲೇ ಮಕ್ಕಳಿಗೆ ಹೇಳಿಸುವುದು. ಆದಾಯ, ಜಾತಿ, ವಾಸದ ಪ್ರಮಾಣಪತ್ರಗಳು ಪರೀಕ್ಷೆಗೆ ಮುನ್ನವೇ ಸಿದ್ಧವಾಗುವಂತೆ ನೋಡಿಕೊಳ್ಳುವುದು. ಶಾಲೆಯ ದಾಖಲೆಯಲ್ಲಿನ ಹೆಸರಿಗೂ ಆಧಾರ್‌ನಲ್ಲಿನ ಹೆಸರಿಗೂ ಅಕ್ಷರಭೇದವಿದ್ದರೆ ಮೊದಲೇ ಸರಿಪಡಿಸುವುದು. ಪ್ರವೇಶದ ಅರ್ಜಿ ತುಂಬುವ ದಿನ ಹುಡುಗಿಯ ಪಕ್ಕದಲ್ಲಿ ಕುಳಿತುಕೊಳ್ಳುವುದು. ಸೇರಿದ ಮೊದಲ ಮೂರು ತಿಂಗಳು ಆಕೆಯ ಯೋಗಕ್ಷೇಮವನ್ನು ವಿಚಾರಿಸುತ್ತಿರುವುದು, ಏಕೆಂದರೆ ಭಾಷೆಯ ಅಂಜಿಕೆಯಿಂದ ಬಿಟ್ಟು ಬರುವವರು ಬಹುಮಟ್ಟಿಗೆ ಆ ಕಾಲದಲ್ಲಿಯೇ ಬಿಟ್ಟು ಬರುತ್ತಾರೆ.

ಎಲ್ಲ ಹುಡುಗಿಯರೂ ಕಟ್ಟಡ ವೃತ್ತಿಗೇ ಹೋಗಬೇಕೆಂದು ಯಾರೂ ಬಯಸಬೇಕಾಗಿಲ್ಲ. ಶಿಕ್ಷಕಿಯಾಗುವುದು, ದಾದಿಯಾಗುವುದು, ಹೊಲ ನೋಡಿಕೊಳ್ಳುವುದು ಎಲ್ಲವೂ ಗೌರವದ ಬದುಕೇ. ಆದರೆ ಆಯ್ಕೆಗಳ ಪಟ್ಟಿಯನ್ನು ಓದಿ ಹೇಳುವಾಗ ಈ ಒಂದು ಹೆಸರನ್ನು ಬಿಟ್ಟು ಓದುವ ರೂಢಿ ನಿಲ್ಲಬೇಕು. ಒಂದೊಂದು ಕನ್ನಡ ಶಾಲೆಯಿಂದ ವರ್ಷಕ್ಕೆ ಒಬ್ಬ ಹುಡುಗಿ ಈ ದಾರಿಯಲ್ಲಿ ಹೊರಟರೂ ಹತ್ತು ವರ್ಷಗಳಲ್ಲಿ ಪ್ರತಿ ಊರಿನ ಸುತ್ತ ಗೋಡೆಯ ನೇರ ನೋಡಬಲ್ಲ, ನಕಾಶೆ ಓದಬಲ್ಲ, ಬಿರುಕಿನ ಕಾರಣ ಹೇಳಬಲ್ಲ ಹೆಣ್ಣುಮಕ್ಕಳು ಇರುತ್ತಾರೆ. ಅವರ ಊರಿನ ಶಾಲೆ, ಆಸ್ಪತ್ರೆ, ಮನೆಗಳು ಆಗ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತವೆ. ಈ ಸಾಲಿನ 10ನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಅಂತಹ ಹುಡುಗಿಯ ಹೆಸರು ಈಗಾಗಲೇ ಇದೆ. ಅರ್ಜಿಯ ದಿನಾಂಕ ಮುಗಿಯುವುದರೊಳಗೆ ಆ ಹೆಸರನ್ನು ಗುರುತಿಸುವ ಕೆಲಸ ಮಾತ್ರ ಉಳಿದಿದೆ.